ಬ್ರೆಡ್ ಮಾಡುವ ಮಗಳಿಗೆ ಅಪ್ಪನ ಪತ್ರ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಬ್ರೆಡ್ ಬೇಯಿಸುವ ನಿನ್ನ ಕರೆಂಟ್ ಓವನ್ನಿನ, ಅಂದರೆ ಓಟಿಜಿಯ, ಪ್ಲಗ್ಗು ಎಕ್ಸ್‌ಟೆನ್ಷನ್ ಬೋರ್ಡಿಗೆ ಅಂಟಿಕೊಂಡು ಕರಗಿತೆಂದು ನೀನು ನಿನ್ನೆ ಫೋನಿನಲ್ಲಿ ಹೇಳಿದಾಗಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ನೀನು ನಗುತ್ತ ಹೇಳಿದೆ, ನಾನು ಗದರಿದೆ, ನೀನು ಫೋನಿಟ್ಟುಬಿಟ್ಟೆ. ನಿನಗೆ ನೋವಾಗಿದ್ದರೆ ಕ್ಷಮಿಸು. ಆದರೆ ಹೇಳಬೇಕಾದದ್ದು ಹಾಗೆಯೇ ಉಳಿಯಿತು, ಅದಕ್ಕಾಗಿ ಬರೆಯುತ್ತಿದ್ದೇನೆ. ನೀನು ಕೆಲಸ ಬಿಟ್ಟಾಗ ನಮ್ಮಿಬ್ಬರ ನಡುವೆ ನಡೆದ ಮಾತುಗಳನ್ನು ಇಲ್ಲಿ ಎತ್ತುವುದಿಲ್ಲ.

"ಪಕ್ಕದ ಮನೆಯವರು ಮೀನು ಹುರಿಯುತ್ತಿದ್ದಾರೆ ಅಂದುಕೊಂಡೆ ಅಪ್ಪಾ" ಎಂದೆಯಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ. ಸಾಕೆಟ್ಟಿನ ಪ್ಲಾಸ್ಟಿಕ್ ಒಳಗೊಳಗೇ ಸುಡುವಾಗ ಎಷ್ಟೋ ಸಲ ಮೀನಿನ ವಾಸನೆಯೇ ಬರುತ್ತದೆ. ನಾನು ವೈರಿಂಗ್ ಕೆಲಸಕ್ಕೆ ಇಳಿದ ಹೊಸತರಲ್ಲಿ ಹಾಸನದಲ್ಲಿ ಒಂದು ಮನೆಯವರು ಇದನ್ನೇ ಹೇಳಿ ಕರೆಸಿದ್ದರು. ಅದು ಮೊಟ್ಟೆಯನ್ನೂ ತರದ ಮನೆ. ಅಡುಗೆಮನೆಗೆ ಮೀನಿನ ವಾಸನೆ ಎಲ್ಲಿಂದ ಬಂತೆಂದು ಆ ತಾಯಿ ಬೆಳಗಿನಿಂದ ಡಬ್ಬಗಳನ್ನೆಲ್ಲ ತೆಗೆದು ತೊಳೆದಿದ್ದರು. ಬೋರ್ಡು ಬಿಚ್ಚಿ ನೋಡಿದರೆ ಕೆಂಪು ವೈರು ಕಂದಾಗಿತ್ತು, ಬೆರಳು ತಾಕಿದೊಡನೆ ಅದರ ಹೊದಿಕೆ ಹಪ್ಪಳದಂತೆ ಪುಡಿಯಾಯಿತು, ಹಿಂದಿನ ಮರದ ಹಲಗೆ ಕರಿಕಾಗಿತ್ತು. ಅಲ್ಲಿ ಎಲ್ಲರೂ ಎಚ್ಚರವಾಗಿದ್ದ ಹಗಲು ಹೊತ್ತು. ನೀನಾದರೋ ಬೆಳಗಿನ ಜಾವ ಎದ್ದು, ಬ್ರೆಡ್ಡನ್ನು ಒಳಗಿಟ್ಟು, ಟೈಮರ್ ತಿರುಗಿಸಿ ಮತ್ತೆ ಮಲಗುವವಳು. ಆ ಕರಿಕಾದ ಹಲಗೆಯ ಜಾಗದಲ್ಲಿ ನಿನ್ನ ಕೋಣೆಯ ಪರದೆ ಕಣ್ಣ ಮುಂದೆ ಬರುತ್ತದೆ, ಪುಟ್ಟಿ.

ಕರೆಂಟು ಮಿತಿಮೀರಿದರೆ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್ಚು, ಆ ಎಂಸಿಬಿ, ಬೀಳಲೇ ಇಲ್ಲವಲ್ಲ ಎಂದು ನೀನು ವಾದಿಸಿದೆ. ಅದು ಏಕೆ ಬೀಳಬೇಕು? ನಿನ್ನ ಓಟಿಜಿ 2000 ವ್ಯಾಟಿನದು, 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಆ ಸಾಲಿಗೆ 16 ಆಂಪಿಯರಿನ ಎಂಸಿಬಿ ಇದ್ದರೆ ಅದರ ಪಾಲಿಗೆ ಎಲ್ಲವೂ ಸರಿಯಾಗಿಯೇ ಇದೆ. ಆದರೆ ನಿನ್ನ ಬೋರ್ಡು 6 ಆಂಪಿಯರಿನದು, ಹೆಚ್ಚೆಂದರೆ 1380 ವ್ಯಾಟ್ ತಡೆಯುವಂಥದ್ದು. ದಪ್ಪ ಪಿನ್ನಿನ ಪ್ಲಗ್ಗು ಅದರೊಳಗೆ ಹೋಗದಂತೆ ಮಾಡಿರುವುದು ಇದೇ ಕಾರಣಕ್ಕೆ. ಆ ತಡೆಯನ್ನು ನೀನು, ದಪ್ಪ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸುವ ಕನ್ವರ್ಷನ್ ಪ್ಲಗ್ ಹಾಕಿ ದಾಟಿದೆ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ಸಡಿಲವಾದ ಪಿನ್ನಿನ ತುದಿಯಲ್ಲಿ ಏಳುವ ಬಿಸಿ ಅದಕ್ಕೆ ತಿಳಿಯುವುದಿಲ್ಲ, ಮತ್ತು ಕರೆಂಟು ಎರಡು ಪಟ್ಟಾದರೆ ಆ ಬಿಸಿ ನಾಲ್ಕು ಪಟ್ಟಾಗುತ್ತದೆ. ಕೆಟಲ್ ಕೂಡ 1500 ವ್ಯಾಟಿನದು ನಿಜ, ಆದರೆ ಐದು ನಿಮಿಷದಲ್ಲಿ ಆರಿಹೋಗುತ್ತದೆ. ಬ್ರೆಡ್ಡಿಗೆ 200 ಡಿಗ್ರಿಗೆ ಕಾಯಲು ಕಾಲು ಗಂಟೆ, ಬೇಯಲು ಮೂವತ್ತೈದು ನಲವತ್ತು ನಿಮಿಷ, ಆಮೇಲೆ ಇನ್ನೊಂದು ಲೋಫ್.

ಆದ್ದರಿಂದ ಓಟಿಜಿಯಾಗಲಿ ಇಂಡಕ್ಷನ್ ಆಗಲಿ, ಗೋಡೆಯ 16 ಆಂಪಿಯರ್ ಸಾಕೆಟ್ಟಿಗೇ ನೇರವಾಗಿ ಹಾಕಬೇಕು, ಎರಡನ್ನೂ ಒಂದೇ ಪಾಯಿಂಟಿನಿಂದ ನಡೆಸಬಾರದು. ಅನ್ನದ ಕುಕ್ಕರ್ 700 ವ್ಯಾಟಿನದು, ಅದನ್ನು ಗೋಡೆಯ ಸಣ್ಣ ಸಾಕೆಟ್ಟಿಗೆ ಧಾರಾಳವಾಗಿ ಹಾಕು. ನೀರು ಇಂಗಿ ಪಾತ್ರೆಯ ತಳ 100 ಡಿಗ್ರಿ ದಾಟಿದೊಡನೆ ಅದು ತಾನಾಗಿ ವಾರ್ಮ್‌ಗೆ ಬರುತ್ತದೆ. ಓಟಿಜಿಗೂ ಟೈಮರ್ ಇದೆ ಎನ್ನಬೇಡ, ಟೈಮರಿಗೆ ಪ್ಲಗ್ಗಿನ ಬಿಸಿ ಗೊತ್ತಾಗುವುದಿಲ್ಲ. ಬೇಯಿಸಿ ಮುಗಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ಗನ್ನು ಮುಟ್ಟಿ ನೋಡು: ಉಗುರುಬೆಚ್ಚಗಿದ್ದರೆ ಸರಿ, ಕೈಯಿಡಲಾಗದಷ್ಟು ಬಿಸಿಯಾಗಿದ್ದರೆ ಆ ಸಾಕೆಟ್ಟನ್ನು ಮತ್ತೆ ಬಳಸಬೇಡ. ಓಟಿಜಿಯ ಮೈ ಲೋಹದ್ದು, ಅರ್ಥಿಂಗ್ ಸರಿಯಿಲ್ಲದಿದ್ದರೆ ಶಾಕ್ ಹೊಡೆಯುವ ಅಪಾಯವೂ ಇದೆ.

ಪಾಠ ಉದ್ದವಾಯಿತು. ನಿನ್ನ ಕೆಲಸದ ಬಗ್ಗೆ ನನಗೆ ಗೌರವವಿಲ್ಲವೆಂದು ಮಾತ್ರ ತಿಳಿಯಬೇಡ. ಬೆಂಗಳೂರಿಗೆ ಹೋಗಿ, ಸೌದೆ ಒಲೆ ಹೂಡಿ, ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿ ಹೆಸರು ಮಾಡಿದವರು ನಮ್ಮ ಹಾಸನದ ಕಡೆಯವರೇ; ಅದೇ ಊರಿನಲ್ಲಿ ನನ್ನ ಮಗಳ ಬ್ರೆಡ್ಡಿಗೆ ಜನ ಹಿಂದಿನ ದಿನವೇ ಹೇಳಿಡುತ್ತಾರೆಂಬುದನ್ನು ನಾನು ಇಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ. ಯುಗಾದಿಗೆ ನೀನು ತಂದ ಗೋಧಿ ಬ್ರೆಡ್ಡನ್ನು ಕೊಯ್ದಾಗ ಮೇಲಿನ ಪದರ ಸಣ್ಣಗೆ ಚಿಟಚಿಟ ಎಂದಿತ್ತು, ಒಳಗೆ ಹತ್ತಿಯಷ್ಟು ಮೆತ್ತಗಿತ್ತು. ಅರ್ಧ ಕಿಲೋ ಹಿಟ್ಟಿಗೆ 325 ಗ್ರಾಂ ನೀರು, 10 ಗ್ರಾಂ ಉಪ್ಪು ಎಂದು ತೂಗಿ ಕಲಸುವವಳು ನೀನು. ಉಪ್ಪನ್ನು ಗ್ರಾಮಿನ ಲೆಕ್ಕದಲ್ಲಿ ನೋಡುವ ನಿನಗೆ ಓಟಿಜಿಯ ಬೆನ್ನ ಮೇಲೆ ಬರೆದಿರುವ ವ್ಯಾಟ್ ಓದುವುದು ಕಷ್ಟವಲ್ಲ.

ಮನೆ ಮಾಲೀಕರನ್ನು ಕೇಳಿ, ಅಡುಗೆಮನೆಗೆ ಒಂದು ಪವರ್ ಪಾಯಿಂಟ್ ಹಾಕಿಸಲು ಒಪ್ಪಿಗೆ ಪಡೆ. ಖರ್ಚು ನನ್ನದು. ಎಂಸಿಬಿಗಳಿರುವ ಪೆಟ್ಟಿಗೆಯಿಂದಲೇ, ಅಂದರೆ ಡಿಬಿಯಿಂದಲೇ, ಪ್ರತ್ಯೇಕ ಲೈನ್ ಎಳೆಯಬೇಕು, 4 ಚದರ ಮಿಲಿಮೀಟರಿನ ತಾಮ್ರದ ವೈರು, ಸಾಕೆಟ್ಟು, ಎಂಸಿಬಿ ಎಲ್ಲವನ್ನೂ ನಾನೇ ತರುತ್ತೇನೆ. ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಅಲ್ಲಿಯವರೆಗಿನ ಆರ್ಡರುಗಳಿಗೆ ಆಗುವುದಿಲ್ಲವೆಂದು ಹೇಳಿಬಿಡು, ಓಟಿಜಿ ಹಚ್ಚಬೇಡ.

ಇಂತಿ,
ನಿನ್ನ ಅಪ್ಪ