ಯಕೃತ್ತಿನ ಶಸ್ತ್ರಚಿಕಿತ್ಸೆಗೆ ಹೊರಟವರಿಗೆ ಲಿವರ್ ಟಾನಿಕ್ ಮಾರಾಟ: ನಿಯಮದಲ್ಲಿ ಬದಲಾವಣೆ

ಕೊಪ್ಪಳ

ಮಾನ್ಯ ಸದಸ್ಯರೇ, ಗ್ರಾಹಕ ಬಂಧುಗಳೇ,

ಯಕೃತ್ತಿನ ಗಡ್ಡೆ ತೆಗೆಸಲು ಅಥವಾ ಕಸಿ ಮಾಡಿಸಿಕೊಳ್ಳಲು ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಟವರಿಗೆ, ಮುಂದಿನ ತಿಂಗಳ 1ನೇ ತಾರೀಖಿನಿಂದ, ನಮ್ಮ ಸಹಕಾರಿ ಔಷಧ ಮಳಿಗೆಯಲ್ಲಿ ಲಿವರ್ ಟಾನಿಕ್, ನೆಲನೆಲ್ಲಿ ಪುಡಿ ಹಾಗೂ ಅರಿಶಿನದ ಸಾರದ ಮಾತ್ರೆಗಳನ್ನು ಶಸ್ತ್ರವೈದ್ಯರ ಚೀಟಿ ಇಲ್ಲದೆ ಕೊಡುವುದಿಲ್ಲ. ಇತರರ ಖರೀದಿಗೆ ಈ ನಿಯಮ ಅನ್ವಯಿಸದು.

ಆಪರೇಷನ್ನಿನಲ್ಲಿ ರಕ್ತ ತಡೆದು ಮತ್ತೆ ಬಿಟ್ಟಾಗ ಲಿವರ್ ಹಾಳಾಗದಂತೆ ಈ ಔಷಧಗಳು ಕಾಯುತ್ತವೆ ಎಂಬ ವಾಟ್ಸ್ಆ್ಯಪ್ ಸಂದೇಶವನ್ನು ತೋರಿಸಿ ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರ ಭಯಕ್ಕೆ ಆಧಾರವಿದೆ. ರಕ್ತ ನಿಂತಾಗ ಜೀವಕೋಶಗಳ ಶಕ್ತಿಯ ದಾಸ್ತಾನು ಬರಿದಾಗುತ್ತದೆ, ಅವುಗಳೊಳಗೆ ಶಕ್ತಿ ತಯಾರಿಸುವ ಭಾಗಗಳಾದ ಮೈಟೊಕಾಂಡ್ರಿಯಾದಲ್ಲಿ ಸಕ್ಸಿನೇಟ್ ಎಂಬ ರಾಸಾಯನಿಕ ಶೇಖರವಾಗುತ್ತದೆ. ರಕ್ತ ಮರಳಿ ಆಮ್ಲಜನಕ ಸಿಕ್ಕ ಕೂಡಲೇ ಆ ಸಕ್ಸಿನೇಟ್ ಭರದಿಂದ ಉರಿದು ಜೀವಕೋಶವನ್ನೇ ಸುಡುವ ರಾಸಾಯನಿಕಗಳು ಹುಟ್ಟುತ್ತವೆ, ಅದರ ಬೆನ್ನಿಗೇ ಯಕೃತ್ತಿನಲ್ಲೇ ಇರುವ ರೋಗನಿರೋಧಕ ಕೋಶಗಳಾದ ಕುಪ್ಫರ್ ಕೋಶಗಳು ಕೆರಳಿ ಬಿಳಿ ರಕ್ತಕಣಗಳನ್ನು ಅಲ್ಲಿಗೆ ಸೆಳೆಯುತ್ತವೆ. ಮರುದಿನದ ರಕ್ತಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ (ಯಕೃತ್ತಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವಗಳು) ಏರಿರುವುದಕ್ಕೆ ಇದೂ ಒಂದು ಕಾರಣ.

ಈ ಹಾನಿಯನ್ನು ತಗ್ಗಿಸುವ ಕೆಲಸ ನಡೆಯುವುದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ. ಯಕೃತ್ತಿಗೆ ಹೋಗುವ ರಕ್ತನಾಳಗಳನ್ನು ಒತ್ತಿಹಿಡಿದು ರಕ್ತಸ್ರಾವ ತಡೆಯುವ ವಿಧಾನವನ್ನು ಗ್ಲಾಸ್ಗೋದ ಜೇಮ್ಸ್ ಹೊಗಾರ್ತ್ ಪ್ರಿಂಗಲ್ 1908ರಲ್ಲಿ ಪ್ರಕಟಿಸಿದರು. ಇಂದು ಅನೇಕ ಶಸ್ತ್ರವೈದ್ಯರು ಸುಮಾರು 15 ನಿಮಿಷ ತಡೆದು, 5 ನಿಮಿಷ ಬಿಟ್ಟು, ಮತ್ತೆ ತಡೆಯುತ್ತಾರೆ, ಇದರಿಂದ ಯಕೃತ್ತು ಒಂದೇ ಸಮನೆ ಉಸಿರುಕಟ್ಟಿ ಇರಬೇಕಾಗುವುದಿಲ್ಲ. ಕಸಿಯ ವಿಷಯದಲ್ಲಂತೂ ನಿಜಕ್ಕೂ ಭರವಸೆಯ ಸುದ್ದಿಯಿದೆ. ದಾನಿಯ ಯಕೃತ್ತನ್ನು ಬರೀ ಮಂಜುಗಡ್ಡೆಯಲ್ಲಿಡುವುದರ ಜೊತೆಗೆ, ಕಸಿಗೆ ಮುಂಚೆ ಯಂತ್ರದ ಮೂಲಕ ಆಮ್ಲಜನಕ ತುಂಬಿದ ತಣ್ಣನೆಯ ದ್ರಾವಣವನ್ನು ಅದರಲ್ಲಿ ಹರಿಸಿದಾಗ, ಹೃದಯ ನಿಂತ ಬಳಿಕ ದಾನವಾದ ಯಕೃತ್ತು ಪಡೆದವರಲ್ಲಿ ಪಿತ್ತನಾಳಗಳು ಕಿರಿದಾಗುವ ತೊಂದರೆ ಶೇ 18ರಿಂದ ಶೇ 6ಕ್ಕೆ ಇಳಿದದ್ದು ನೆದರ್ಲೆಂಡ್ಸ್‌ನ ವೈದ್ಯರ ನೇತೃತ್ವದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ.

ಪುಡಿ, ಮಾತ್ರೆಗಳಿಗೆ ಈ ಮಟ್ಟದ ಪುರಾವೆಯಿಲ್ಲ. ಸಂದೇಶಗಳು ಹೇಳುವ ಫಲಿತಾಂಶಗಳು ಬಹುಪಾಲು ಇಲಿಗಳವು: ಅವುಗಳ ಯಕೃತ್ತಿನ ಸುಮಾರು ಶೇ 70 ಭಾಗಕ್ಕೆ ಗೊತ್ತಾದ ಹೊತ್ತು ರಕ್ತ ತಡೆದು, ಅದಕ್ಕೆ ಮೊದಲೇ ಅಳೆದ ಪ್ರಮಾಣದಲ್ಲಿ ಔಷಧ ಕೊಟ್ಟು ನೋಡಿದಂಥವು. ಅಂಗಡಿಯ ಬಾಟಲಿಯಿಂದ ದಿನಕ್ಕೆರಡು ಚಮಚ ಕುಡಿಯುವ ಮನುಷ್ಯನಿಗೆ ಅದನ್ನು ಅನ್ವಯಿಸಲಾಗದು. ಮೇಲಾಗಿ, ಕರಿಮೆಣಸಿನ ಸಾರ ಬೆರೆಸಿದ ಅರಿಶಿನದ ಮಾತ್ರೆಗಳಿಂದ ಯಕೃತ್ತಿಗೇ ಪೆಟ್ಟುಬಿದ್ದ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ (ಅಡುಗೆಗೆ ಹಾಕುವ ಅರಿಶಿನದ ಮಾತು ಇದಲ್ಲ). ಕೆಲವು ಗಿಡಮೂಲಿಕೆಗಳು ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸಬಹುದಾದ್ದರಿಂದ, ಅರಿವಳಿಕೆ ತಜ್ಞರು ಅವುಗಳನ್ನು ಆಪರೇಷನ್ನಿಗೆ ಮುಂಚಿತವಾಗಿಯೇ ನಿಲ್ಲಿಸಲು ಹೇಳುತ್ತಾರೆ. ಮನೆಯವರನ್ನು ಉಳಿಸಿಕೊಳ್ಳಬೇಕೆಂದು ಬರುವವರ ಕೈಗೆ ಇಂಥದನ್ನು ಕೊಟ್ಟು ಹಣ ಪಡೆಯಲು ನಮಗೆ ಮನಸ್ಸಿಲ್ಲ.

ಈಗಾಗಲೇ ಕೊಂಡಿರುವ, ಸೀಲು ಒಡೆಯದ ಬಾಟಲಿಗಳನ್ನು ರಸೀದಿಯೊಂದಿಗೆ ಈ ತಿಂಗಳ ಕೊನೆಯೊಳಗೆ ತಂದರೆ ಪೂರ್ತಿ ಹಣ ಹಿಂದಿರುಗಿಸುತ್ತೇವೆ. ಶಸ್ತ್ರಚಿಕಿತ್ಸೆಗೆ ಹೊರಡುವವರು, ಸೇವಿಸುತ್ತಿರುವ ಮಾತ್ರೆ, ಪುಡಿ, ಕಷಾಯಗಳೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಮಳಿಗೆಗೆ ಬನ್ನಿ. ನಮ್ಮ ಫಾರ್ಮಸಿಸ್ಟ್ ಅವುಗಳ ಹೆಸರು, ಪ್ರಮಾಣ ಮತ್ತು ಎಷ್ಟು ದಿನದಿಂದ ಸೇವಿಸುತ್ತಿದ್ದೀರಿ ಎಂಬುದನ್ನು ಉಚಿತವಾಗಿ ಬರೆದುಕೊಡುತ್ತಾರೆ. ಆ ಪಟ್ಟಿಯನ್ನು ಶಸ್ತ್ರವೈದ್ಯರಿಗೂ ಅರಿವಳಿಕೆ ತಜ್ಞರಿಗೂ ತೋರಿಸಿ, ಅವರನ್ನು ಕೇಳದೆ ಯಾವ ಔಷಧವನ್ನೂ ಹೊಸದಾಗಿ ಆರಂಭಿಸಬೇಡಿ, ನಡೆಯುತ್ತಿರುವುದನ್ನು ನಿಲ್ಲಿಸಲೂ ಬೇಡಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)