ಕಂಟ್ರೋಲರ್ ಸಿಗದಿದ್ದಾಗ ತುಕಡಿಯ ಗತಿ?

ಮಾನ್ಯ ಸಂಪಾದಕರೇ,

ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್, ಅಂದರೆ ಎಸ್‌ಡಿಎನ್, ಸೇನೆಯ ಮುಂಚೂಣಿಗೂ ಬರಲಿ ಎಂಬ ಮಾತಿದೆ. ಬರಲಿ. ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿ ದುಡಿದು ಊರಿಗೆ ಮರಳಿದ ನನಗೂ ಅದು ಬೇಕು ಎನಿಸುತ್ತದೆ. ಆದರೆ ಡೇಟಾ ಸೆಂಟರ್‌ನಲ್ಲಿ ನಡೆಯುವುದನ್ನು ಹಾಗೇ ಎತ್ತಿ ತಂದು ಗುಡ್ಡದ ಮೇಲಿಟ್ಟರೆ ಕೈಕೊಡುತ್ತದೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ನಮ್ಮ ವಿ.ಸಿ. ನಾಲೆಯನ್ನೇ ನೋಡಿ. ಯಾವ ತೂಬಿಗೆ ಎಷ್ಟು ನೀರು ಎಂದು ತೀರ್ಮಾನಿಸುವವರು ಇಂಜಿನಿಯರ್, ಎತ್ತಿ ಇಳಿಸುವವನು ನೀರುಗಂಟಿ. ಡೇಟಾಕ್ಕೆ ದಾರಿ ತೋರುವ ಹಳೇ ರೂಟರ್‌ಗಳಲ್ಲಿ ಈ ಎರಡೂ ಕೆಲಸ ಒಂದೇ ಪೆಟ್ಟಿಗೆಯೊಳಗೆ. ಎಸ್‌ಡಿಎನ್‌ನಲ್ಲಿ ತೀರ್ಮಾನ ಕಂಟ್ರೋಲರ್ ಎಂಬ ಸಾಫ್ಟ್‌ವೇರ್‌ನದು, ಡೇಟಾ ಸಾಗಿಸುವುದಷ್ಟೇ ಸ್ವಿಚ್ ಎಂಬ ಪೆಟ್ಟಿಗೆಯದು. 2008ರ ಹೊತ್ತಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಓಪನ್‌ಫ್ಲೋ, ಅಂದರೆ ಕಂಟ್ರೋಲರ್ ಮತ್ತು ಸ್ವಿಚ್ ಮಾತಾಡಿಕೊಳ್ಳುವ ಭಾಷೆ, ಹೊರಬಂದ ಮೇಲೆ ಇದು ಹಬ್ಬಿತು.

ಲಾಭ ಸುಮ್ನೆ ಅಲ್ಲ. ತುಕಡಿ ಜಾಗ ಬದಲಿಸಿದಾಗಲೆಲ್ಲ ಒಂದೊಂದು ರೂಟರ್ ಮುಂದೆ ಕೂತು ಕಮಾಂಡ್ ಹೊಡೆಯುವ ಕಾಟ ತಪ್ಪುತ್ತದೆ. ಶತ್ರು ಒಂದು ರೇಡಿಯೊ ಲಿಂಕನ್ನು ಜಾಮ್ ಮಾಡಿದರೆ ಉಪಗ್ರಹದ ದಾರಿಗೆ ತಿರುಗಿಸಬಹುದು. ಫಿರಂಗಿಗೆ ಗುರಿ ಹೇಳುವ ಸಂದೇಶ ಮೊದಲು, ಡ್ರೋನ್ ವಿಡಿಯೊ ಆಮೇಲೆ ಎಂದು ಕೂತಲ್ಲಿಂದಲೇ ಹೇಳಬಹುದು.

ತೊಡಕು ಇರುವುದು ರೇಡಿಯೊದಲ್ಲಿ. ಗೊತ್ತಿಲ್ಲದ ಪ್ಯಾಕೆಟ್ (ಡೇಟಾದ ಚಿಕ್ಕ ತುಂಡು) ಬಂದರೆ ಕಂಟ್ರೋಲರನ್ನು ಕೇಳುವಂತೆ ಸ್ವಿಚ್ಚನ್ನು ಹೊಂದಿಸಿರುತ್ತಾರೆ. ಫೈಬರ್ ಇದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ದೂರದ ಸಂಪರ್ಕಕ್ಕೆ ಬಳಸುವ ಎಚ್‌ಎಫ್ ರೇಡಿಯೊದಲ್ಲಿ ಸೆಕೆಂಡಿಗೆ ಸಿಗುವುದೇ ಕೆಲವು ಕಿಲೋಬಿಟ್. ಈ ಕೇಳೋದು ಹೇಳೋದರಲ್ಲೇ ಲಿಂಕ್ ತುಂಬಿಹೋದರೆ ಸಿಪಾಯಿಯ ಸಂದೇಶಕ್ಕೆ ಜಾಗವೆಲ್ಲಿ? ಹಾಗಾಗಿ ಯಾವ ಪ್ಯಾಕೆಟ್ ಎತ್ತ ಹೋಗಬೇಕೆಂಬ ಮುಖ್ಯ ನಿಯಮಗಳನ್ನು ಹೊರಡುವ ಮುಂಚೆಯೇ ಸ್ವಿಚ್‌ಗೆ ತುಂಬಿಸಿಟ್ಟಿರಬೇಕು. ಸಂಪರ್ಕವೇ ಕಡಿದರೆ ಓಪನ್‌ಫ್ಲೋದಲ್ಲಿ ಎರಡು ದಾರಿ ಇವೆ: ಇರುವ ನಿಯಮಗಳ ಅವಧಿ ಮುಗಿಯುವ ತನಕ ಅವುಗಳಂತೆಯೇ ನಡೆಯುವುದು, ಇಲ್ಲವೇ ಮಾಮೂಲಿ ಸ್ವಿಚ್‌ನಂತೆ ಸ್ವಂತವಾಗಿ ಕೆಲಸ ಮಾಡುವುದು. ಗುಂಡು ಹಾರಲು ಶುರುವಾದ ಮೇಲೆ ಆರಿಸುತ್ತಾ ಕೂರಲಾಗದು.

ನನ್ನ ಕೇಳಿದರೆ ಬೆಟಾಲಿಯನ್‌ಗೊಂದು ಚಿಕ್ಕ ಕಂಟ್ರೋಲರ್ ಇರಲಿ. ಮೇಲಿನವರ ಸಂಪರ್ಕ ಇದ್ದಾಗ ಅವರು ಹೇಳಿದಂತೆ, ಇಲ್ಲದಾಗ ಅದರ ಪಾಡಿಗೆ ಅದು. ಎಲ್ಲರಿಗೂ ಒಂದೇ ಕಂಟ್ರೋಲರ್ ಇಟ್ಟರೆ ಶತ್ರುವಿಗೆ ಕೆಲಸ ಸಲೀಸು ಮಾಡಿಕೊಟ್ಟ ಹಾಗೆ, ಅಲ್ವಾ? ಅದನ್ನು ಕೆಡಿಸಲು ಬಾಂಬೇ ಬೇಕೆಂದಿಲ್ಲ. ಓಪನ್‌ಫ್ಲೋದಲ್ಲಿ ಕಂಟ್ರೋಲರ್ ಮತ್ತು ಸ್ವಿಚ್ ನಡುವಿನ ಮಾತಿಗೆ ಗೂಢಲಿಪಿ ಕಡ್ಡಾಯವಲ್ಲ; ಅದಿಲ್ಲದಿದ್ದರೆ ಶತ್ರು ನಡುವೆ ನುಗ್ಗಿ ಸುಳ್ಳು ಆದೇಶ ಕೊಡಬಹುದು. ಸೇನೆಯಲ್ಲಿ ಅದು ಕಡ್ಡಾಯವಾಗಬೇಕು.

ಮೈಸೂರು, ಮಂಡ್ಯದ ಇಂಜಿನಿಯರಿಂಗ್ ಕಾಲೇಜುಗಳಿಗೆ ಒಂದು ಮಾತು. ಇಂಥ ನೆಟ್‌ವರ್ಕನ್ನು ಅಣಕು ಮಾಡಿ ತೋರಿಸುವ ಮಿನಿನೆಟ್ ಎಂಬ ಉಚಿತ ತಂತ್ರಾಂಶ ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಲಿಂಕಿನ ವೇಗ ಇಳಿಸಬಹುದು, ಪ್ಯಾಕೆಟ್ ಬೀಳಿಸಬಹುದು, ಲಿಂಕನ್ನೇ ಕಡಿಯಬಹುದು. ಹಳೇ ಪ್ರಾಜೆಕ್ಟ್ ರಿಪೋರ್ಟಿಗೆ ಹೊಸ ರಟ್ಟು ಹಾಕುವ ಬದಲು (ಮೇಷ್ಟ್ರುಗಳಿಗೂ ಗೊತ್ತು) ಹುಡುಗರು ಇದನ್ನು ಮಾಡಿ ನೋಡಲಿ: ಸೆಕೆಂಡಿಗೆ 9.6 ಕಿಲೋಬಿಟ್‌ನ ಲಿಂಕ್, ನಡುವೆ ಕಂಟ್ರೋಲರ್ ಬಂದ್. ಎಷ್ಟು ಸಂದೇಶ ತಲುಪಿತು, ಎಷ್ಟು ಬಿದ್ದುಹೋಯಿತು ಎಂದು ಬರೆದಿಡಲಿ. ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯಗಳಿಗೂ ಕಾಲೇಜಿನವರು ಅದನ್ನು ಕಳಿಸಿಕೊಡಲಿ.

ಇಂತಿ,
ಸಿಗ್ನಲ್ಸ್‌ನ ನಿವೃತ್ತ ಹವಾಲ್ದಾರ್, ಮಂಡ್ಯ