ಬಾಹ್ಯಾಕಾಶ ಖಾತೆ ಸಚಿವರಿಗೆ: ಅಪಾಯ ಎಷ್ಟು ಅಂತ ಮೊದಲೇ ಹೇಳಿಬಿಡಿ

ಮಾನ್ಯ ಸಚಿವರೇ,

ಗಗನಯಾತ್ರಿಗಳನ್ನು ಕಳಿಸುವ ಮುಂಚೆ ದಯವಿಟ್ಟು "ನೂರಕ್ಕೆ ನೂರು ಸುರಕ್ಷಿತ" ಅಂತ ಮಾತು ಕೊಡಬೇಡಿ. ಅದು ಯಾರ ಕೈಲೂ ಆಗದ ಮಾತು.

1983ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ವಾಪಸ್ ಬಂದಾಗ ಅದರ ಕಿಟಕಿ ಗಾಜಿನಲ್ಲಿ ಒಂದು ಪುಟ್ಟ ಗುಳಿ ಬಿದ್ದಿತ್ತು. ಬಡಿದದ್ದು ಭೂಮಿಯನ್ನು ಸುತ್ತುತ್ತಿರುವ ಬಾಹ್ಯಾಕಾಶ ಕಸದ ಒಂದು ಚೂರು, ಬಣ್ಣದ ಒಂದು ಚಕ್ಕೆ, ಮಿಲಿಮೀಟರಿಗಿಂತ ಚಿಕ್ಕದು! ಗಾಜನ್ನೇ ಬದಲಿಸಬೇಕಾಯಿತು. ಅಲ್ಲಿ ಮೇಲೆ ಇಂಥ ಡಿಕ್ಕಿಗಳ ವೇಗ ಸರಾಸರಿ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್.

ಇದಕ್ಕೆ ರಕ್ಷಣೆ ಇಲ್ಲ ಅಂತಲ್ಲ. ಖಗೋಳ ವಿಜ್ಞಾನಿ ಫ್ರೆಡ್ ವಿಪಲ್ 1940ರ ದಶಕದಲ್ಲೇ ದಾರಿ ತೋರಿಸಿದ್ದರು. ನೌಕೆಯ ಗೋಡೆಯಿಂದ ಒಂದಿಷ್ಟು ದೂರದಲ್ಲಿ ತೆಳ್ಳನೆಯ ತಗಡು ನಿಲ್ಲಿಸುವುದು. ಚೂರು ತಗಡಿಗೆ ಬಡಿದು ಪುಡಿಯಾಗುತ್ತದೆ. ಆ ಪುಡಿ ನಡುವಿನ ಖಾಲಿ ಜಾಗದಲ್ಲಿ ಹರಡಿಕೊಳ್ಳುತ್ತದೆ. ಗೋಡೆಗೆ ತಾಗುವ ಹೊತ್ತಿಗೆ ಪೆಟ್ಟು ಹಂಚಿಹೋಗಿರುತ್ತದೆ. ದಪ್ಪ ಗೋಡೆಗಿಂತ ಈ ಖಾಲಿ ಜಾಗವೇ ಜಾಸ್ತಿ ಕಾಪಾಡುತ್ತದೆ. ಎಷ್ಟು ಚೆಂದದ ಯೋಚನೆ, ಅಲ್ವಾ?

ಆದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಗಟ್ಟಿ ಕವಚ ಕೂಡ ತಡೆಯುವುದು ಸುಮಾರು 1 ಸೆಂಟಿಮೀಟರ್ ಚೂರಿನ ತನಕ. 10 ಸೆಂಟಿಮೀಟರಿಗಿಂತ ದೊಡ್ಡದು ರಾಡಾರಿಗೆ ಕಾಣುತ್ತದೆ, ಪಕ್ಕಕ್ಕೆ ಸರಿಯಬಹುದು. ನನ್ನ ಚಿಂತೆ ಇವೆರಡರ ನಡುವಿನದ್ದು. ತಡೆಯೋಕೆ ದೊಡ್ಡದು, ಹುಡುಕೋಕೆ ಚಿಕ್ಕದು. ಕವಚ ದಪ್ಪ ಮಾಡುತ್ತಾ ಹೋದರೆ ನೌಕೆ ಮೇಲೇಳುವುದೇ ಇಲ್ಲ. ಎಲ್ಲೋ ಒಂದು ಕಡೆ "ಇಷ್ಟು ಅಪಾಯ ಒಪ್ಪುತ್ತೇವೆ" ಅಂತ ಗೆರೆ ಎಳೆಯಲೇಬೇಕು. ಎಂಜಿನಿಯರುಗಳು ಎಳೆದೇ ಇರುತ್ತಾರೆ. ನಿಲ್ದಾಣಕ್ಕೆ ಡಿಕ್ಕಿಯಾಗುವ ಸಾಧ್ಯತೆ 10,000ಕ್ಕೆ 1 ದಾಟಿದರೆ ಪಥ ಬದಲಿಸುವ ನಿಯಮ ಅಂಥದ್ದೇ ಒಂದು ಗೆರೆ.

ನಿಮ್ಮ ನೌಕೆಯ ಗೆರೆ ಎಲ್ಲಿದೆ? ಆ ಅಂಕಿಯನ್ನು ಉಡಾವಣೆಗೆ ಮುಂಚೆಯೇ ಸದನದ ಮುಂದಿಡಿ. ಅದನ್ನು ಒಪ್ಪಿ ಸಹಿ ಹಾಕಿದವರು ಯಾರು ಅಂತಲೂ ತಿಳಿಸಿ. ಒಳಗೆ ಕೂರುವವರಿಗೆ ಅದು ಗೊತ್ತಿರುತ್ತದೆ. ಅವರನ್ನು ಕಳಿಸುವ ನಮಗೂ ಗೊತ್ತಿರಲಿ.

ಇನ್ನೊಂದು ಮಾತು. 2022ರ ಡಿಸೆಂಬರಿನಲ್ಲಿ ನಿಲ್ದಾಣಕ್ಕೆ ಜೋಡಿಸಿದ್ದ ರಷ್ಯಾದ ಸೋಯುಜ್ ನೌಕೆಯ ಕೂಲಿಂಗ್ ದ್ರವ ಸೋರಿಹೋಯಿತು. ಸಣ್ಣ ಉಲ್ಕಾಕಣ ಬಡಿದು ತೂತಾಗಿದೆ ಎಂದು ರಷ್ಯಾ ಹೇಳಿತು. ಅದರಲ್ಲಿ ಹೋಗಿದ್ದ ಮೂವರನ್ನು ಕರೆತರಲು ಇನ್ನೊಂದು ನೌಕೆಯನ್ನು ಖಾಲಿಯಾಗಿ ಕಳಿಸಬೇಕಾಯಿತು. ಆರು ತಿಂಗಳಿಗೆಂದು ಹೋದವರು ಇಳಿದದ್ದು ವರ್ಷ ಕಳೆದ ಮೇಲೆ. ಆದರೂ ಇಳಿದರು, ಯಾಕಂದ್ರೆ ಕಳಿಸಲು ಇನ್ನೊಂದು ನೌಕೆ ಇತ್ತು. ನಮ್ಮವರು ಹೊರಡುವ ದಿನ ಅಂಥ ನೌಕೆ ತಯಾರಿರುತ್ತದೆಯೇ? ಇಲ್ಲದಿದ್ದರೆ ಅದನ್ನೂ ಅಂಕಿಯ ಪಕ್ಕದಲ್ಲೇ ಬರೆಯಿರಿ.

ಇಂತಿ,
ಗಗನಯಾನವನ್ನು ಪ್ರೀತಿಸುವ ಒಬ್ಬ ಮತದಾರ